ಪ್ರೇಯರ್ ಮಾಡ್ತೀನಿ ಬ್ರದರ್

ನಮ್ಮ ಚರ್ಚುಗಳಲ್ಲಿ ಗಂಡಸರ ಕೂಟ ಅಂತ ಒಂದಿರುತ್ತೆ. ಕ್ರಿಸ್ಮಸ್‌ಗೆ ನಕ್ಷತ್ರ ಕಟ್ಟೋದು, ರಿಟ್ರೀಟ್‌ಗೆ ಬಸ್ ಗೊತ್ತು ಮಾಡೋದು, ಕುರ್ಚಿ ಜೋಡಿಸೋದು ಅದರ ಕೆಲಸ. ಕೊನೆಗೆ "ಪ್ರಾರ್ಥನಾ ವಿನಂತಿ ಏನಾದ್ರೂ ಇದ್ಯಾ?" ಅಂತ ಕೇಳಿದಾಗ ಒಬ್ಬ "ಆಫೀಸ್ ವಿಷ್ಯ ಸ್ವಲ್ಪ ನೆನಪಿಟ್ಕೊಳ್ಳಿ" ಅಂತಾನೆ. ಅವನ ಕೆಲಸ ಹೋಗಿ ಎರಡು ತಿಂಗಳಾಗಿರುತ್ತೆ, ಇಎಂಐ ಬೌನ್ಸ್ ಆಗಿರುತ್ತೆ, ಹೆಂಡತಿಗೂ ಹೇಳಿರಲ್ಲ. "ಏನಾಯ್ತು?" ಅಂತ ಯಾರೂ ಕೇಳಲ್ಲ. "ಪ್ರೇಯರ್ ಮಾಡ್ತೀನಿ ಬ್ರದರ್" ಅಂತ ಬೆನ್ನು ತಟ್ಟಿ ಬೈಕ್ ಹತ್ತುತ್ತಾರೆ. ಇದಕ್ಕೆ ನಾವಿಟ್ಟಿರೋ ಹೆಸರು ಅನ್ಯೋನ್ಯತೆ!

ನನ್ನ ತಕರಾರು ಪ್ರಾರ್ಥನೆಯ ಮೇಲಲ್ಲ. ಅದನ್ನು ಜಾರಿಕೊಳ್ಳೋ ದಾರಿ ಮಾಡ್ಕೊಂಡಿದ್ದೀವಲ್ಲ, ಅದರ ಮೇಲೆ. "ಯೇಸು ಇರುವಾಗ ಮನುಷ್ಯರ ಹತ್ರ ಯಾಕೆ ಹೇಳ್ಕೋಬೇಕು" ಅನ್ನೋದು ವಿಶ್ವಾಸದ ಮಾತಿನ ಹಾಗೆ ಕೇಳಿಸುತ್ತೆ. ಆದರೆ ಗೆತ್ಸೇಮನೆ ತೋಟಕ್ಕೆ ಪ್ರಾರ್ಥಿಸಲು ಹೋದ ಅದೇ ಯೇಸು ಒಬ್ಬನೇ ಹೋಗಲಿಲ್ಲ. ಪೇತ್ರನನ್ನೂ ಜೆಬೆದಾಯನ ಇಬ್ಬರು ಮಕ್ಕಳನ್ನೂ ಜೊತೆಗೆ ಕರೆದುಕೊಂಡ, ತನ್ನ ಸಂಕಟವನ್ನು ಬಾಯಿಬಿಟ್ಟು ಹೇಳಿದ, ಎಚ್ಚರವಾಗಿರಿ ಅಂತ ಕೇಳಿಕೊಂಡ. ಆತನಿಗೆ ಬೇಕಾಗಿದ್ದು ನಮಗೆ ಬೇಡವಾ? ಅವರು ನಿದ್ದೆ ಹೋದರು, ಅದು ಬೇರೆ ಮಾತು. ಆ ಪರಂಪರೆಯನ್ನ ಮಾತ್ರ ನಮ್ಮ ಕೂಟಗಳು ಚಾಚೂತಪ್ಪದೆ ಪಾಲಿಸ್ತಿವೆ.

2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,70,924 ಜನ. ಅವರಲ್ಲಿ 1,22,724 ಮಂದಿ ಗಂಡಸರು. ಇದು ಎನ್‌ಸಿಆರ್‌ಬಿ ಲೆಕ್ಕ.

1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಬಿಲ್ ವಿಲ್ಸನ್ ಅನ್ನೋನು ಹೋಟೆಲ್ ಲಾಬಿಯಲ್ಲಿ ನಿಂತಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು, ಬಂದ ವ್ಯವಹಾರ ಕೈಕೊಟ್ಟಿತ್ತು, ಪಕ್ಕದಲ್ಲೇ ಬಾರ್. ಅಲ್ಲಿದ್ದ ಚರ್ಚುಗಳ ಪಟ್ಟಿ ನೋಡಿ ಒಬ್ಬ ಪಾದ್ರಿಗೆ ಫೋನ್ ಮಾಡಿದ. ಅವನಿಗೆ ಬೇಕಾಗಿದ್ದುದು ಉಪದೇಶವಲ್ಲ, ಮಾತಾಡೋಕೆ ತನ್ನಂಥ ಇನ್ನೊಬ್ಬ ಕುಡುಕ. ಆ ಫೋನಿನಿಂದಾಗಿ ಡಾಕ್ಟರ್ ಬಾಬ್ ಸಿಕ್ಕರು, ಆಲ್ಕೋಹಾಲಿಕ್ಸ್ ಅನಾನಿಮಸ್ ಹುಟ್ಟಿತು. ಅದರ ಸಭೆಗಳು ಇವತ್ತಿಗೂ ಎಷ್ಟೋ ಚರ್ಚ್ ಹಾಲುಗಳಲ್ಲೇ ನಡೆಯುತ್ತವೆ. ವಾರದ ಮಧ್ಯೆ ಅಲ್ಲಿ ಕೂತವನು "ನಾನು ಕುಡುಕ" ಅಂತಾನೆ. ಭಾನುವಾರ ಅದೇ ಕುರ್ಚಿಯಲ್ಲಿ ಕೂತ ನಾವೆಲ್ಲ "ದೇವರ ಕೃಪೆಯಿಂದ ಚೆನ್ನಾಗಿದೀವಿ".

ಬಾಯಿ ಬಿಡೋಕೆ ಭಯ ಯಾಕೆ ಅಂತ ಗೊತ್ತು. ಪಾಸ್ಟರ್‌ಗೆ ಹೇಳಿದರೆ ಮುಂದಿನ ವಾರದ ಪ್ರಸಂಗದಲ್ಲಿ "ನಮ್ಮ ಒಬ್ಬ ಸಹೋದರ" ಅಂತ ಬರುತ್ತೆ. ಸ್ನೇಹಿತನಿಗೆ ಹೇಳಿದರೆ ಪ್ರಾರ್ಥನಾ ವಿನಂತಿಯ ವೇಷದಲ್ಲಿ ವಾಟ್ಸಾಪ್ ಗ್ರೂಪ್ ಸೇರುತ್ತೆ. ಇದು ಗಾಳಿಸುದ್ದಿಯೇ ಸ್ವಾಮಿ, ಎಷ್ಟೇ ಆಮೆನ್ ಸೇರಿಸಿದ್ರೂ. ಮೊದಲು ನಿಲ್ಲಬೇಕಾದ್ದು ಇದು.

ಹಾಗಾಗಿ ದೊಡ್ಡ ಕೂಟ ಬೇಡ. ಮೂರು ಜನ ಸಾಕು, ದರ್ಶಿನಿಯೊಂದರಲ್ಲಿ ವಾರಕ್ಕೊಮ್ಮೆ ಕಾಫಿ. ಯಾರಾದ್ರೂ ಬದುಕೋದೇ ಬೇಡ ಅನ್ನೋ ಮಾತಾಡಿದರೆ ಬೈಬಲ್ ತೆಗೆಯೋ ಮುಂಚೆ 14416ಕ್ಕೆ, ಅಂದ್ರೆ ಟೆಲಿ ಮಾನಸ್‌ಗೆ, ಅವನ ಪಕ್ಕದಲ್ಲೇ ಕೂತು ಫೋನ್ ಮಾಡಿಸಿ, ಡಾಕ್ಟರ್ ಹತ್ರ ಜೊತೆಗೆ ಹೋಗಿ. ಉಳಿದ ವಾರಗಳಲ್ಲಿ "ಹೇಗಿದ್ದೀಯ?" ಅಂತ ಕೇಳಬೇಡಿ, ಅದಕ್ಕೆ ಉತ್ತರ ರೆಡಿ ಇರುತ್ತೆ. "ಈ ತಿಂಗಳು ಸಂಬಳ ಬಂತಾ?" ಅಂತ ಕೇಳಿ.