ಸಭ್ಯರ ಆಟವೆಂಬ ಬಿರುದು

ಕ್ರಿಕೆಟ್ಟನ್ನು ಸಭ್ಯರ ಆಟವೆಂದು ಕೊಂಡಾಡುವ ಮಹನೀಯರು ಹೆರಾಲ್ಡ್ ಲಾರ್‌ವುಡ್ಡನ ವೃತ್ತಾಂತವನ್ನು ಕೊಂಚ ಪರ್ಯಾಲೋಚಿಸಲಿ. ಕಲ್ಲಿದ್ದಲ ಗಣಿಯಲ್ಲಿ ದುಡಿದು ಬಂದ ಆ ಬಡವನು 1932-33ರಲ್ಲಿ ಆಸ್ಟ್ರೇಲಿಯದಲ್ಲಿ, ನಾಯಕ ಜಾರ್ಡೀನನ ಆಜ್ಞೆಯಂತೆ ದಾಂಡಿಗರ ಮೈಯನ್ನೇ ಗುರಿಯಿಟ್ಟು ಚೆಂಡೆಸೆದು, 33 ವಿಕೆಟ್ಟುಗಳನ್ನು ಕೆಡಹಿದನು. ತರುವಾಯ ಕ್ಷಮೆ ಬೇಡೆಂದರು. ಅಪ್ಪಣೆಯನ್ನು ನಡೆಸಿದವನು ತಾನೆಂದು ಅವನು ಒಪ್ಪಲಿಲ್ಲ. ಇಂಗ್ಲೆಂಡಿನ ಪರವಾಗಿ ಮತ್ತೆ ಆಡುವ ಯೋಗವೇ ಅವನಿಗೆ ಬರಲಿಲ್ಲ. ಆಕ್ಸ್‌ಫರ್ಡಿನಲ್ಲಿ ಓದಿದ ಜಾರ್ಡೀನನಾದರೋ ಅದೇ 1933ರಲ್ಲಿ ನಾಯಕನಾಗಿಯೇ ಭಾರತಕ್ಕೆ ಬಂದಿಳಿದನು!

ಆ ಎಸೆತ ಅಧರ್ಮವಾಗಿದ್ದರೆ ಮಾಡಿಸಿದವನಿಗೂ ದಂಡ ಸಲ್ಲಬೇಕಿತ್ತು. ಧರ್ಮವಾಗಿದ್ದರೆ ಮಾಡಿದವನಿಗೂ ಸಲ್ಲಬಾರದಿತ್ತು. ಮೂರನೆಯ ಪಕ್ಷವುಂಟೇ? ಉಂಟು: ಒಡೆಯನಿಗೊಂದು ನ್ಯಾಯ, ಆಳಿಗೊಂದು ನ್ಯಾಯ. 1993ರಲ್ಲಿ, 88ರ ಮುಪ್ಪಿನಲ್ಲಿ, ಲಾರ್‌ವುಡ್ಡನಿಗೆ ರಾಜಬಿರುದು ಸಂದಿತು. ಅರವತ್ತು ವರ್ಷ ತಡೆದು ಬಂದ ಮನ್ನಣೆಯನ್ನು ಸಭ್ಯತೆಯೆನ್ನಲು ನನ್ನ ನಾಲಿಗೆ ಏಳದು.