ಅಪ್ಪನ ಕಿವಿ, ನನ್ನ ವೈರು

ನಮ್ಮ ಹಾಲ್‌ನಲ್ಲಿ ಟಿವಿಗೆ ನೇರ ಎದುರಿಗೆ ಒಂದು ಬೆತ್ತದ ಕುರ್ಚಿ ಇದೆ. ಅದು ಅಪ್ಪನದು. ನೆಂಟರು ಬಂದರೂ ಅದರಲ್ಲಿ ಕೂರೋದಿಲ್ಲ. ಕಳೆದ ಮಳೆಗಾಲದಲ್ಲಿ ಆ ಕುರ್ಚಿ ಹತ್ತಿರ ಹತ್ತಿರ ಎರಡು ತಿಂಗಳು ಖಾಲಿ ಇತ್ತು. ಅಪ್ಪ ಸಂಜೆ ಆದರೆ ಹೊರಗೆ ಜಗುಲಿ ಮೇಲೆ ಪುಟ್ಟ ರೇಡಿಯೋ ಇಟ್ಟುಕೊಂಡು ಕೂತುಬಿಡೋರು. ಕಾರಣ ಯಾರು ಅಂತ ಗೊತ್ತಾದಾಗ ನನಗೆ ತಲೆ ಎತ್ತೋಕೆ ಆಗಲಿಲ್ಲ.

ಆಗಿದ್ದು ಇಷ್ಟು. ಆಫೀಸಿನ ಗೆಳೆಯನೊಬ್ಬ ಮನೆ ಖಾಲಿ ಮಾಡುವಾಗ ತನ್ನ ಹೋಂ ಥಿಯೇಟರ್ ರಿಸೀವರ್ ಮಾರಿದ. ಕಮ್ಮಿಗೆ ಸಿಕ್ತು ಅಂತ ತಗೊಂಡೆ. ಅದರ ಸ್ಪೀಕರ್‌ಗಳು ಬರಲಿಲ್ಲ, ಬರೀ ರಿಸೀವರ್. ನಮ್ಮ ಅಟ್ಟದ ಮೇಲೆ ಅಪ್ಪನ ಹಳೇ ಕ್ಯಾಸೆಟ್ ಸ್ಟೀರಿಯೋದ ಎರಡು ಮರದ ಡಬ್ಬ ಸ್ಪೀಕರ್ ಇದ್ದವು. ಇಳಿಸಿ, ಧೂಳು ಒರೆಸಿ, ಟಿವಿಯ ಆ ಕಡೆ ಒಂದು ಈ ಕಡೆ ಒಂದು ಇಟ್ಟೆ. ಬ್ಯಾಡರಹಳ್ಳಿಯಲ್ಲೇ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕಪ್ಪು ಬಣ್ಣದ ಎರಡೆಳೆ ವೈರ್ ತಂದು ಸಿಕ್ಕಿಸಿದೆ. ಸದ್ದು ಬಂತು. ಫೈಟ್ ಸೀನಿಗೆ ಕಿಟಕಿ ಗಾಜು ನಡುಗಿತು. ನನ್ನ ಪಾಲಿಗೆ ಕೆಲಸ ಮುಗೀತು.

ಮೊದಲ ಭಾನುವಾರವೇ ಅಪ್ಪ ಕೇಳಿದರು. “ಏನಪ್ಪಾ, ಮಾತೇ ಸರಿಯಾಗಿ ಕೇಳಿಸ್ತಿಲ್ಲ?”

ವಾಲ್ಯೂಮ್ ಏರಿಸಿದೆ. ಮ್ಯೂಸಿಕ್ ಜೋರಾಯ್ತು. ಮಾತು ಹಾಗೇ ಇತ್ತು ಅಂದರು. ಇನ್ನೂ ಏರಿಸಿದೆ. ಅಡುಗೆಮನೆಯಿಂದ ಅಮ್ಮ ಕೂಗಿದರು, “ಬೀದಿಗೆಲ್ಲ ಕೇಳಿಸ್ತಿದೆ, ನಿಮಗೆ ಕೇಳಿಸಲ್ವಾ?” ಪಕ್ಕದ ಸೋಫಾದಲ್ಲಿ ಕೂತಿದ್ದ ನನಗೂ ನನ್ನ ಹೆಂಡತಿಗೂ ಎಲ್ಲಾ ಚೆನ್ನಾಗೇ ಕೇಳಿಸ್ತಿತ್ತು. ಅಪ್ಪ ಪೀಣ್ಯದಲ್ಲಿ ಮೂವತ್ತು ವರ್ಷ ಲೇಥ್ ಮೆಷಿನ್ ಮುಂದೆ ನಿಂತವರು. ಅಷ್ಟು ವರ್ಷದ ಸದ್ದು ಕಿವಿಗೆ ಏನೂ ಮಾಡದೇ ಬಿಡುತ್ತಾ ಅಂತ ನಾವು ಮೂರೂ ಜನ ನಮ್ಮನಮ್ಮಲ್ಲೇ ತೀರ್ಮಾನ ಮಾಡಿಬಿಟ್ಟೆವು. ಆಮೇಲಿಂದ ಅವರು ಏನೇ ಕೇಳಿದರೂ ನಾವು ಗಂಟಲು ಎತ್ತರಿಸಿ ಉತ್ತರ ಕೊಡೋದು ಶುರುವಾಯ್ತು. ಕಿವಿ ನೆಟ್ಟಗಿರೋ ಮನುಷ್ಯನ ಮುಂದೆ ದಿನಾ ಕೂಗಿ ಮಾತಾಡಿದರೆ ಅವನಿಗೆ ಹೇಗಾಗಬೇಡ? ಅವರು ಜಗುಲಿಗೆ ಹೋದರು.

ಒಂದು ದಿನ ಕಿವಿ ಪರೀಕ್ಷೆಗೆ ಕರೆದುಕೊಂಡು ಹೋದೆ. ಮುಚ್ಚಿದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಿ ಅಂತಾರಲ್ಲ, ಅದು. ಗ್ರಾಫ್ ಕೈಗೆ ಕೊಟ್ಟು ಅವರು ಹೇಳಿದ್ದು: “ವಯಸ್ಸಿಗೆ ತಕ್ಕ ಹಾಗೆ ತೀಕ್ಷ್ಣ ಸದ್ದು ಸ್ವಲ್ಪ ಕಮ್ಮಿ. ಮಾತು ಕೇಳೋಕೆ ಏನೂ ತೊಂದರೆ ಇಲ್ಲ.” ವಾಪಸ್ ಬರುವಾಗ ಮಾಗಡಿ ರೋಡಿನ ಟ್ರಾಫಿಕ್‌ನಲ್ಲಿ, ಬೈಕಿನ ಹಿಂದೆ ಕೂತು ಅಪ್ಪ ಮೆಲ್ಲಗೆ ಹೇಳಿದರು. “ರೇಡಿಯೋ ಕೇಳುತ್ತೆ, ಫೋನ್ ಕೇಳುತ್ತೆ. ನಿನ್ನ ಟಿವಿ ಹತ್ರ ಎಡಗಡೆ ಡಬ್ಬದ ಮುಂದೆ ಹೋಗಿ ನಿಂತ್ರೂ ಮಾತು ಚೆನ್ನಾಗೇ ಕೇಳುತ್ತೆ. ನನ್ನ ಕುರ್ಚೀಲಿ ಕೂತ್ರೆ ಮಾತ್ರ ಬಾವಿಯೊಳಗಿಂದ ಬಂದಂಗೆ ಇರುತ್ತೆ. ಮೊದಲ ದಿನಾನೇ ಹೇಳಿದ್ನಲ್ಲ.”

ಹೇಳಿದ್ದರು. ನಾವು ಯಾರೂ ಕೇಳಿಸಿಕೊಂಡಿರಲಿಲ್ಲ.

ಮನೆಗೆ ಬಂದವನೇ ಟಾರ್ಚ್ ಹಿಡಿದು ಟಿವಿ ಸ್ಟ್ಯಾಂಡ್ ಹಿಂದೆ ಬಗ್ಗಿದೆ. ಎಡಗಡೆ ಸ್ಪೀಕರ್‌ನ ಪ್ಲಸ್ಸು ರಿಸೀವರ್‌ನ ಮೈನಸ್ಸಿಗೆ ಹೋಗಿತ್ತು. ಎರಡೂ ಎಳೆ ಕಪ್ಪು, ಕತ್ತಲಲ್ಲಿ ಸಿಕ್ಕಿಸಿದ್ದೆ. ತಪ್ಪು ಅಷ್ಟೇ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದವನ ತಪ್ಪು.

ಇದು ಯಾಕೆ ಹೀಗಾಗುತ್ತೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಸ್ಪೀಕರ್ ಒಳಗಿನ ಕಾಗದದ ಕೋನ್ ಹಿಂದೆ ಮುಂದೆ ಅಲುಗಾಡಿ ಗಾಳಿಯನ್ನ ತಳ್ಳುತ್ತೆ, ಎಳೆಯುತ್ತೆ. ಪ್ಲಸ್ಸಿಗೆ ಪ್ಲಸ್ಸು ಸೇರಿದ್ದರೆ ಎರಡೂ ಸ್ಪೀಕರ್ ಒಟ್ಟಿಗೆ ತಳ್ತಾವೆ, ಒಟ್ಟಿಗೆ ಎಳೀತಾವೆ. ಒಂದರ ವೈರ್ ಅದಲುಬದಲಾದರೆ ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತೆ. ಎರಡೂ ಕಡೆಯ ಅಲೆ ಒಂದನ್ನೊಂದು ಅಳಿಸಿಹಾಕುತ್ತೆ. ಈ ಅಳಿಸಾಟ ಎಲ್ಲಕ್ಕಿಂತ ಜಾಸ್ತಿ ಎಲ್ಲಿ ಗೊತ್ತಾ? ಎರಡೂ ಸ್ಪೀಕರ್‌ನಿಂದ ಸಮ ದೂರ ಇರೋ ಜಾಗದಲ್ಲಿ. ಅಂದರೆ ಸರಿಯಾಗಿ ನಡುವೆ. ಅಂದರೆ ಅಪ್ಪನ ಕುರ್ಚಿಯಲ್ಲಿ. ಮನೆಯಲ್ಲೇ ಒಳ್ಳೆ ಜಾಗ ಅಂತ ಅವರಿಗೆ ಬಿಟ್ಟುಕೊಟ್ಟಿದ್ದು, ನನ್ನ ವೈರಿಂಗ್‌ನಿಂದ ಮನೆಯಲ್ಲೇ ಕೆಟ್ಟ ಜಾಗ ಆಗಿತ್ತು. ಪಕ್ಕಕ್ಕೆ ಕೂತ ನಮಗೆ ಒಂದು ಸ್ಪೀಕರ್ ಹತ್ತಿರ, ಇನ್ನೊಂದು ದೂರ. ಅದಕ್ಕೇ ನಮಗೆ ತೊಂದರೆ ಗೊತ್ತಾಗಲಿಲ್ಲ.

ಹಾಗಾದರೆ ಮ್ಯೂಸಿಕ್ ಉಳಿದು ಮಾತು ಮಾತ್ರ ಯಾಕೆ ಹೋಗ್ತಿತ್ತು? ಸಿನಿಮಾದಲ್ಲಿ ಮ್ಯೂಸಿಕ್ಕು, ಮಳೆ, ಗಾಡಿ ಸದ್ದು ಎಡಕ್ಕೆ ಬೇರೆ ಬಲಕ್ಕೆ ಬೇರೆ ಹಂಚಿರ್ತಾರೆ. ಬೇರೆಬೇರೆ ಸದ್ದು ಪೂರ್ತಿ ಅಳಿಯೋದಿಲ್ಲ. ಆದರೆ ಮಾತು ತೆರೆಯ ನಡುವಿಂದ ಬಂದ ಹಾಗೆ ಕೇಳಬೇಕಲ್ಲ, ಹಾಗಾಗಿ ಎರಡೇ ಸ್ಪೀಕರ್ ಇರೋ ಮನೆಯಲ್ಲಿ ಅದು ಎರಡರಿಂದಲೂ ಒಂದೇ ಥರ ಬರುತ್ತೆ. ಒಂದೇ ಥರ ಇದ್ದದ್ದೇ ಜಾಸ್ತಿ ಅಳಿಯೋದು. ಹಳೇ ಸಿನಿಮಾಗಳ ಪಾಡು ಇನ್ನೂ ಕಷ್ಟ. ಅಪ್ಪ ಆ ಭಾನುವಾರ ಹಾಕಿಸಿದ್ದು 1972ರ ‘ಬಂಗಾರದ ಮನುಷ್ಯ’. ಆ ಕಾಲದ ನಮ್ಮ ಸಿನಿಮಾಗಳ ಸದ್ದು ಮೋನೋ, ಒಂದೇ ಟ್ರ್ಯಾಕು. ಎಡ ಬಲ ಅನ್ನೋ ಭೇದವೇ ಇಲ್ಲ. ಹೊಸ ಸಿನಿಮಾದಲ್ಲಿ ಮಾತು ಹೋದರೆ, ಇದರಲ್ಲಿ ಅಣ್ಣಾವ್ರ ಮಾತಿನ ಜೊತೆಗೆ ಹಾಡೂ ತೆಳ್ಳಗಾಗಿತ್ತು. ಮಾಗಡಿ ರೋಡಿನ ಪ್ರಸನ್ನ, ರಾಜಾಜಿನಗರದ ನವರಂಗ್ ಥಿಯೇಟರ್‌ಗಳಲ್ಲಿ ಅಂಥ ಸಿನಿಮಾ ನೋಡಿದ ಕಿವಿ ಅದು. ಅಲ್ಲೆಲ್ಲ ಪರದೆಯಲ್ಲೇ ಸಣ್ಣ ಸಣ್ಣ ತೂತು ಇರುತ್ತೆ, ಸ್ಪೀಕರ್ ಪರದೆ ಹಿಂದೆ ಇರುತ್ತೆ. ಮಾತು ನೇರ ಬಾಯಿಂದಲೇ ಬಂದ ಹಾಗಿರುತ್ತೆ. ನಮ್ಮ ಮನೆಯಲ್ಲಿ ಅದು ಎಲ್ಲಿಂದಲೂ ಬರ್ತಿರಲಿಲ್ಲ.

ಇನ್ನೊಂದು ವಿಷಯ ಹೇಳೋಕೆ ನಾಚಿಕೆ ಆಗುತ್ತೆ, ಆದರೂ ಹೇಳ್ತೀನಿ. ಈ ರಿಸೀವರ್ ಜೊತೆ ಒಂದು ಪುಟ್ಟ ಮೈಕ್ ಬರುತ್ತೆ. ಕೂರೋ ಜಾಗದಲ್ಲಿ ಕಿವಿಯ ಎತ್ತರಕ್ಕೆ ಇಟ್ಟರೆ, ರಿಸೀವರ್ ಒಂದೊಂದೇ ಸ್ಪೀಕರ್‌ನಿಂದ ಸದ್ದು ಹೊರಡಿಸಿ ದೂರ, ಜೋರು ಎಲ್ಲಾ ಅಳೆಯುತ್ತೆ. ಮೊದಲ ದಿನ ನಾನೂ ಅಳೆದಿದ್ದೆ. ಎಡ ಸ್ಪೀಕರ್ ಫೇಸ್ ಉಲ್ಟಾ ಇದೆ ಅಂತ ಟಿವಿ ಮೇಲೆ ಬರೆದೂ ತೋರಿಸಿತ್ತು. ಈ ಎಚ್ಚರಿಕೆ ಕೆಲವೊಮ್ಮೆ ಸುಳ್ಳೇ ಬರೋದೂ ಉಂಟು ಅಂತ ಎಲ್ಲೋ ಓದಿದ್ದೆ. ಸ್ಕಿಪ್ ಒತ್ತಿದೆ. ಆಫೀಸಿನಲ್ಲಿ ಜೂನಿಯರ್ ಹುಡುಗರು ವಾರ್ನಿಂಗ್ ನೋಡದೆ ಮುಂದೆ ಹೋದರೆ ನಾನೇ ಬೈಯೋನು.

ವೈರ್ ತಿರುಗಿಸಿ ಸಿಕ್ಕಿಸಿದೆ. ಅಪ್ಪನನ್ನ ಕರೆದೆ. ಬಂದು ಕೂತರು. ಅದೇ ಸಿನಿಮಾ ಹಾಕಿದೆ. ಅರ್ಧ ನಿಮಿಷ ಸುಮ್ಮನಿದ್ದು, “ಈಗ ನೋಡು, ನಡುವೆ ಬಂತು” ಅಂದರು. ವಾಲ್ಯೂಮ್ ಮೊದಲಿನದರ ಅರ್ಧದಷ್ಟೂ ಇರಲಿಲ್ಲ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಡಬ್ಬ ಇದ್ದರೆ, ನಾನು ತಪ್ಪು ಮಾಡಿ ಕಲಿತದ್ದು ಇಲ್ಲಿದೆ.

ಏನೇ ಬಿಚ್ಚೋ ಮುಂಚೆ ರಿಸೀವರ್ ಪ್ಲಗ್ಗನ್ನ ಗೋಡೆಯಿಂದ ಕಿತ್ತುಬಿಡಿ. ಒಂದೇ ಬಣ್ಣದ ಎರಡೆಳೆ ವೈರ್ ಆದರೂ, ಬೆರಳಲ್ಲಿ ಸವರಿ ನೋಡಿದರೆ ಹೆಚ್ಚಾಗಿ ಒಂದು ಎಳೆ ಮೇಲೆ ಗೆರೆಯೋ ಅಕ್ಷರವೋ ಇರುತ್ತೆ. ಅದನ್ನೇ ಪ್ಲಸ್ ಅಂತ ಇಟ್ಟುಕೊಂಡು ಎರಡೂ ತುದಿಗೆ ಕೆಂಪು ಟೇಪ್ ಸುತ್ತಿ. ತುದಿಯಲ್ಲಿ ಕೂದಲಿನಂಥ ಒಂದೇ ಒಂದು ತಂತಿ ಪಕ್ಕದ ಟರ್ಮಿನಲ್‌ಗೆ ತಾಗಿದರೂ ಶಾರ್ಟ್ ಆಗುತ್ತೆ, ಚೆನ್ನಾಗಿ ತಿರುಚಿ ಸಿಕ್ಕಿಸಿ. ಹಾಲ್ ಒಳಗಿನ ನಾಲ್ಕೈದು ಮೀಟರ್ ದೂರಕ್ಕೆ 16 ಗೇಜ್ ವೈರ್ ಸಾಕು. ಗೇಜ್ ನಂಬರ್ ಜಾಸ್ತಿ ಆದಷ್ಟೂ ವೈರ್ ಸಣ್ಣ, ಇದು ನೆನಪಿರಲಿ. ಎಸ್‌.ಪಿ. ರೋಡಿನಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತೆ. ತಂತಿಯನ್ನ ಬ್ಲೇಡಿನಿಂದ ಕೆರೆದು ನೋಡಿ ತಗೊಳ್ಳಿ. ಒಳಗೆ ಬೆಳ್ಳಗಿದ್ದರೆ ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ.

ಹಳೇ ಸ್ಪೀಕರ್ ಮೇಲಿನ ಪ್ಲಸ್, ಮೈನಸ್ ಗುರುತು ಅಳಿಸಿಹೋಗಿದ್ದರೆ, ಗಡಿಯಾರಕ್ಕೆ ಹಾಕೋ 1.5 ವೋಲ್ಟ್ ಸೆಲ್ ಸಾಕು. ವೈರನ್ನ ರಿಸೀವರ್‌ನಿಂದ ಬಿಡಿಸಿ, ಆ ತುದಿಗಳನ್ನ ಸೆಲ್‌ಗೆ ಒಂದು ಕ್ಷಣ ಮಾತ್ರ ತಾಗಿಸಿ. ದೊಡ್ಡ ಕೋನ್ ಮುಂದಕ್ಕೆ ಹಾರಿದರೆ ಸೆಲ್‌ನ ಪ್ಲಸ್ಸಿಗೆ ತಾಗಿದ ಎಳೆಯೇ ಪ್ಲಸ್ಸು.

ಸ್ಪೀಕರ್ ಹಿಂದೆ 4, 6, 8 ಓಮ್ ಅಂತ ಬರೆದಿರುತ್ತೆ. ರಿಸೀವರ್ ಎಷ್ಟಕ್ಕಿಂತ ಕಮ್ಮಿ ತಡೆಯೋದಿಲ್ಲ ಅಂತ ಅದರ ಹಿಂದೆಯೇ ಇರುತ್ತೆ. ಒಂದೇ ಟರ್ಮಿನಲ್‌ಗೆ 8 ಓಮ್‌ನ ಎರಡು ಸ್ಪೀಕರ್ ಅಕ್ಕಪಕ್ಕ ಸೇರಿಸಿದರೆ ಅದು 4 ಓಮ್ ಆಗುತ್ತೆ, ರಿಸೀವರ್ ಬಿಸಿಯಾಗಿ ಆಫ್ ಆಗಬಹುದು.

ಟಿವಿಯಿಂದ ಸದ್ದು ತರೋಕೆ ಒಂದೇ ಎಚ್‌ಡಿಎಂಐ ಕೇಬಲ್ ಸಾಕು, ಎರಡೂ ಕಡೆ ಎಆರ್‌ಸಿ ಇದ್ದರೆ. 2009ರ ಎಚ್‌ಡಿಎಂಐ 1.4ರಲ್ಲಿ ಬಂದ ಸೌಲಭ್ಯ ಇದು. ತುಂಬಾ ಜನ ಎಡವೋದು ಒಂದೇ ಕಡೆ: ಕೇಬಲ್ಲನ್ನ ರಿಸೀವರ್‌ನ ‘ಇನ್’ಗೆ ಸಿಕ್ಕಿಸ್ತಾರೆ. ಅದು ಹೋಗಬೇಕಾದ್ದು ಎಆರ್‌ಸಿ ಅಂತ ಬರೆದಿರೋ ‘ಔಟ್’ಗೆ. ಆಮೇಲೆ ಟಿವಿ ಸೆಟ್ಟಿಂಗ್‌ನಲ್ಲಿ ಸಿಇಸಿ ಆನ್ ಮಾಡಿ, ಒಂದೊಂದು ಕಂಪನಿ ಅದನ್ನ ಒಂದೊಂದು ಹೆಸರಲ್ಲಿ ಕರೆಯುತ್ತೆ. ಟಿವಿ ಹಳೆಯದಾದರೆ ಆಪ್ಟಿಕಲ್ ಕೇಬಲ್ ಇದೆ.

ಅಟ್ಟದಲ್ಲಿ ಕ್ಯಾಸೆಟ್ ಡೆಕ್ ಇದ್ದರೆ ಅದರ ‘ಲೈನ್ ಔಟ್’ನಿಂದ ಕೆಂಪು, ಬಿಳಿ ಪಿನ್ನಿನ ವೈರನ್ನ ರಿಸೀವರ್‌ನ ಆಡಿಯೋ ಇನ್‌ಗೆ ಕೊಡಿ. ಅದರ ಸ್ಪೀಕರ್ ಔಟ್‌ನಿಂದ ಯಾವತ್ತೂ ಬೇಡ, ರಿಸೀವರ್ ಸುಟ್ಟೀತು. ಎಲ್‌ಪಿ ರೆಕಾರ್ಡ್ ಪ್ಲೇಯರ್ ಲೆಕ್ಕವೇ ಬೇರೆ. ಅದರ ಮುಳ್ಳಿನಿಂದ ಬರೋದು ಕೆಲವೇ ಮಿಲಿವೋಲ್ಟ್. ಅದಕ್ಕೆ ‘ಫೋನೋ’ ಅಂತ ಬರೆದ ಜಾಗವೇ ಬೇಕು, ಇಲ್ಲದಿದ್ದರೆ ನಡುವೆ ಒಂದು ಫೋನೋ ಪ್ರಿಆಂಪ್ ಬೇಕು.

ಆಮೇಲೆ ನಾನು ಒಂದು ಸೆಂಟರ್ ಸ್ಪೀಕರ್ ತಂದು ಟಿವಿ ಕೆಳಗೆ, ಸ್ವಲ್ಪ ಮೇಲ್ಮುಖ ಮಾಡಿ ಇಟ್ಟೆ. ಈಗ ಮಾತೆಲ್ಲ ಅದರಿಂದಲೇ ಬರುತ್ತೆ. ಯಾರು ಎಲ್ಲಿ ಕೂತರೂ ನಡುವಿಂದಲೇ ಕೇಳುತ್ತೆ. ಅದರ ಮಟ್ಟವನ್ನ ಎರಡು ಮೂರು ಡೆಸಿಬೆಲ್ ಏರಿಸಿದ್ದೀನಿ. ರಾತ್ರಿ ಹೊತ್ತು ಜೋರಿನ ಸದ್ದನ್ನ ತಗ್ಗಿಸಿ ಮೆಲ್ಲನೆಯ ಮಾತನ್ನ ಎತ್ತೋ ‘ನೈಟ್ ಮೋಡ್’ ಕೂಡ ಆನ್ ಮಾಡ್ತೀನಿ. ವಯಸ್ಸಾದವರಿರೋ ಮನೆಗೆ ಈ ಎರಡು ಸಣ್ಣ ಸೆಟ್ಟಿಂಗ್ ದೊಡ್ಡ ಉಪಕಾರ ಮಾಡ್ತವೆ.

ಕಿವಿ ಪರೀಕ್ಷೆ ಮಾಡಿಸಿದ್ದು ತಪ್ಪು ಅಂತ ನಾನು ಹೇಳೋದಿಲ್ಲ. ಸಂಶಯ ಇದ್ದರೆ ಮಾಡಿಸಲೇಬೇಕು. ಆದರೆ ಅದಕ್ಕೆ ಮುಂಚೆ ಒಂದು ಸಲ ಅವರ ಕುರ್ಚಿಯಲ್ಲಿ ನಾನು ಕೂರಬಹುದಿತ್ತು. ಎರಡು ತಿಂಗಳಲ್ಲಿ ಒಂದೇ ಒಂದು ಸಲ ಕೂತಿದ್ದರೂ ನನಗೂ ಆ ಬಾವಿ ಕೇಳಿಸ್ತಿತ್ತು.

“ಸಾರಿ ಅಪ್ಪ” ಅಂದೆ ಆವತ್ತು ರಾತ್ರಿ. ಅವರು ಟಿವಿಯಿಂದ ಕಣ್ಣು ತೆಗೀದೆ, “ಲೇಥ್‌ನಲ್ಲಿ ಬೇರಿಂಗ್ ಹೋದ್ರೆ ಸದ್ದಲ್ಲೇ ಹೇಳ್ತಿದ್ದೆ ಕಣೋ. ಈ ಡಬ್ಬದ ಸದ್ದು ಗೊತ್ತಾಗಲ್ವಾ ನಂಗೆ?” ಅಂದರು. ಆಮೇಲೆ, “ಕೂಗ್ಬೇಡ, ಮೆಲ್ಲಗೆ ಮಾತಾಡು. ಸಿನಿಮಾ ನೋಡ್ತಿದ್ದೀನಿ.”