ಕಿವಿಯಿಂದ ಓದುವವರು

ಓದುವುದೆಂದರೆ ಕಣ್ಣಿನ ಕೆಲಸವೆಂದು ನಾವೆಲ್ಲರೂ ನಂಬಿದ್ದೇವೆ. ಆದರೆ ನಮ್ಮ ನಾಡಿನಲ್ಲಿ ಎಷ್ಟೋ ತಲೆಮಾರಿನವರು ಕಿವಿಯಿಂದಲೇ ಓದಿದರು. ಗಮಕಿಗಳು ಕುಮಾರವ್ಯಾಸನ ಭಾರತವನ್ನು ವಾಚಿಸುತ್ತಿದ್ದರೆ ಅಕ್ಷರವರಿಯದ ರೈತನೂ ಕರ್ಣನಿಗಾಗಿ ಕಣ್ಣೀರಿಡುತ್ತಿದ್ದನು. ಕಂಸಾಳೆಯವರು ಮಾದೇಶ್ವರನ ಕಾವ್ಯವನ್ನು ಹಾಡುವುದು ಪುಸ್ತಕವನ್ನು ನೋಡಿಕೊಂಡಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ನನ್ನ ತಾಯಿಗೆ ಸಹಿ ಮಾಡಲು ಮಾತ್ರ ಬರುತ್ತದೆ. ಆದರೂ ಸಂತೆಯ ಲೆಕ್ಕವನ್ನಾಗಲಿ ಸೋಬಾನೆಯ ಪದವನ್ನಾಗಲಿ ಆಕೆ ಮರೆತುದನ್ನು ನಾನು ಕಂಡಿಲ್ಲ. ಇಂತಹವರನ್ನು ಊರಿನಲ್ಲಿ ಯಾರೂ ದಡ್ಡರೆನ್ನುವುದಿಲ್ಲ.

ಹೀಗಿರಲು, ತರಗತಿಯಲ್ಲಿ ನಮ್ಮ ಪಕ್ಕದಲ್ಲೇ ಕುಳಿತವನು ಅಕ್ಷರ ಕೂಡಿಸಲು ತಡವರಿಸಿದೊಡನೆ ಅವನಿಗೆ ದಡ್ಡನೆಂಬ ಪಟ್ಟ ಕಟ್ಟುವುದು ಯಾವ ನ್ಯಾಯ?

ಈ ತೊಡಕಿಗೆ ಡಿಸ್‌ಲೆಕ್ಸಿಯಾ ಎಂದು ಹೆಸರು. ಇದು ಇಂದು ನಿನ್ನೆಯದಲ್ಲ. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು 14 ವರ್ಷದ ಬಾಲಕನೊಬ್ಬನ ವಿಷಯವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಹುಡುಗನು ಚುರುಕಾಗಿದ್ದನು, ಲೆಕ್ಕ ಬರುತ್ತಿತ್ತು, ಕಣ್ಣು ಚೆನ್ನಾಗಿತ್ತು. ಓದಲು ಮಾತ್ರ ಆಗುತ್ತಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದರೆ ಶಾಲೆಗೆಲ್ಲ ಇವನೇ ಜಾಣನಾಗುವನೆಂದು ಅವನ ಉಪಾಧ್ಯಾಯರು ಹೇಳಿದ್ದರಂತೆ. ಕನ್ನಡವು ನುಡಿದಂತೆ ಬರೆಯುವ ಭಾಷೆಯಾದುದರಿಂದ ನಮಗೆ ಈ ಕಷ್ಟವಿಲ್ಲವೆಂದು ಕೆಲವರು ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ಕಾಗುಣಿತ, ಒತ್ತಕ್ಷರಗಳು ಸೇರಿ ನಮ್ಮ ಲಿಪಿಯಲ್ಲಿ ನೂರಾರು ರೂಪಗಳಿವೆ. ಮ–ವ, ಪ–ಷ ಇವುಗಳ ನಡುವಣ ಅಂತರ ಕೂದಲೆಳೆಯಷ್ಟು.

ವಸತಿಗೃಹದಲ್ಲಿ ನನಗೊಬ್ಬ ಗೆಳೆಯನಿದ್ದಾನೆ. ಅವನ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. 1857ರ ದಂಗೆಯ ಕಾರಣಗಳನ್ನು ಒಮ್ಮೆ ಕೇಳಿದನೆಂದರೆ ಮರುದಿನ ನಮಗೆಲ್ಲ ಬಿಡಿಸಿ ಹೇಳಬಲ್ಲನು. ಅದೇ ಉತ್ತರವು ಕಾಗದದ ಮೇಲೆ ಮೂರು ಸಾಲಿಗೆ ನಿಂತುಬಿಡುತ್ತದೆ. ಎರಡು ವರ್ಷ ರಾತ್ರಿಯ ಹೊತ್ತು ನಾನು ಅವನಿಗೆ ಓದಿ ಹೇಳುತ್ತಿದ್ದೆನು. ಈಗ ಅವನ ಮೊಬೈಲೇ ಆ ಕೆಲಸವನ್ನು ಮಾಡುತ್ತದೆ. ಪುಸ್ತಕದ ಪುಟದ ಚಿತ್ರ ತೆಗೆದರೆ ಅದು ಅಕ್ಷರಗಳನ್ನು ಗುರುತಿಸಿ ಗಟ್ಟಿಯಾಗಿ ಓದುತ್ತದೆ, ಓದುವ ಪದವನ್ನು ಬಣ್ಣದಿಂದ ತೋರಿಸುತ್ತದೆ, ನಿಧಾನಿಸೆಂದರೆ ನಿಧಾನಿಸುತ್ತದೆ. ಅವನಾಡಿದ ಕನ್ನಡವನ್ನು ಬರೆಹಕ್ಕೂ ಇಳಿಸುತ್ತದೆ. ಒಂದೇ ಪುಟವನ್ನು ನಾಲ್ಕು ಸಲ ಓದೆಂದು ನನ್ನನ್ನು ಕೇಳಲು ಅವನಿಗೆ ಸಂಕೋಚವಿತ್ತು. ಯಂತ್ರದೊಡನೆ ಆ ಸಂಕೋಚವಿಲ್ಲ. ಯಾರ ಹಂಗೂ ಇಲ್ಲದೆ ಓದುವ ಸುಖವನ್ನು ಅವನು ಇಪ್ಪತ್ತನೆಯ ವಯಸ್ಸಿನಲ್ಲಿ ಕಂಡನು.

ಇದು ಸೋಮಾರಿತನಕ್ಕೆ ದಾರಿಯೆಂದು ಹಿರಿಯರು ಆಕ್ಷೇಪಿಸಬಹುದು. ಆಕ್ಷೇಪವನ್ನು ಹಗುರವಾಗಿ ತಳ್ಳುವಂತಿಲ್ಲ. ಪ್ರಶ್ನೆಯನ್ನು ಕೊಟ್ಟರೆ ಉತ್ತರವನ್ನೇ ಬರೆದುಕೊಡುವ ಯಂತ್ರಗಳೂ ಇಂದು ಕೈಯಲ್ಲಿವೆ. ಆದರೆ ಓದಿ ಹೇಳುವ ಯಂತ್ರ ಬೇರೆ, ಆಲೋಚಿಸಿ ಕೊಡುವ ಯಂತ್ರ ಬೇರೆ. ಮೊದಲನೆಯದು ವಿದ್ಯಾರ್ಥಿಯನ್ನು ಪ್ರಶ್ನೆಯ ಬಾಗಿಲವರೆಗೆ ತಲುಪಿಸುತ್ತದೆ. ಒಳಗಿನ ಕೆಲಸವೆಲ್ಲ ಅವನದೇ. ಇದರಿಂದ ಗುರುಗಳ ಅಗತ್ಯವೂ ತಪ್ಪುವುದಿಲ್ಲ. ಹಳಗನ್ನಡದ ಪದ್ಯ ಬಂದರೆ ಆ ಯಂತ್ರವು ಛಂದಸ್ಸನ್ನು ಅರಿಯದೆ ಎಲ್ಲೆಂದರಲ್ಲಿ ಮುರಿದು ಓದುತ್ತದೆ. ಅಲ್ಲಿ ಅಧ್ಯಾಪಕರ ಧ್ವನಿಯೇ ಬೇಕು.

ಕಾನೂನಿನ ಬೆಂಬಲವೂ ಇದೆ. 1995ರ ಅಂಗವಿಕಲರ ಕಾಯಿದೆಯು ಕಲಿಕೆಯ ತೊಡಕನ್ನು ಎಣಿಸಿರಲಿಲ್ಲ. 2016ರ ಕಾಯಿದೆಯು ಅದನ್ನು 21 ಬಗೆಯ ನ್ಯೂನತೆಗಳಲ್ಲಿ ಸೇರಿಸಿತು. ಬರೆಹಗಾರನ ನೆರವಿಗೆ ಅರ್ಹನಾದವನಿಗೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚಿನ ಕಾಲ ಕೊಡಬೇಕೆಂದು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯು ಹೇಳಿತು. ಆದರೆ ಇದೆಲ್ಲಕ್ಕೂ ಪ್ರಮಾಣಪತ್ರ ಬೇಕು, ಅದಕ್ಕೆ ಅರ್ಜಿ ಬೇಕು. ಓದಲು ಕಷ್ಟಪಡುವವನೇ ಅರ್ಜಿಯನ್ನು ಓದಬೇಕು. ಮನೆಯಲ್ಲಿ ಓದಿ ಹೇಳುವವರಿಲ್ಲ. ಪಟ್ಟಣದ ಸುಶಿಕ್ಷಿತರ ಮಕ್ಕಳಿಗೆ ದೊರೆಯುವ ನೆರವು ನಮ್ಮಂಥವರ ಮನೆಗೆ ತಲುಪದಿರುವುದು ಹೀಗೆ. ನಮ್ಮ ತಂದೆತಾಯಿಗಳು ಹಣೆಬರಹವೆಂದು ಸುಮ್ಮನಾಗುತ್ತಾರೆ, ಹುಡುಗನು ಕಾಲೇಜು ಬಿಡುತ್ತಾನೆ.

ಆದುದರಿಂದ ನಮ್ಮ ಅಧ್ಯಾಪಕ ಮಹನೀಯರಲ್ಲಿ ನನ್ನ ವಿನಂತಿ ಮೂರು. ಮೊದಲನೆಯದು, ಟಿಪ್ಪಣಿಗಳನ್ನು ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿ ಕೊಡಬೇಕು. ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪಗಳನ್ನು ಕೂರಿಸಿರುವುದರಿಂದ ಯಂತ್ರವು ಅದನ್ನು ಅರ್ಥವಿಲ್ಲದ ಗೊಣಗಾಟವಾಗಿ ಓದುತ್ತದೆ. ಎರಡನೆಯದು, ಗ್ರಂಥಾಲಯದಲ್ಲಿ ಮೊಬೈಲ್ ನಿಷೇಧವಿರಲಿ. ಆದರೆ ಇಯರ್‌ಫೋನು ಹಾಕಿಕೊಂಡು ಪಠ್ಯವನ್ನು ಕೇಳುವವನಿಗೆ ಒಂದು ಮೂಲೆಯನ್ನು ಬಿಟ್ಟುಕೊಡಬೇಕು. ಮೂರನೆಯದು, ಪ್ರವೇಶದ ದಿನವೇ ಒಬ್ಬ ಅಧ್ಯಾಪಕರು ಇಂತಹ ವಿದ್ಯಾರ್ಥಿಗಳ ಅರ್ಜಿಯ ಹೊಣೆಯನ್ನು ಹೊರಬೇಕು. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಾಗಿಲ್ಲ.

ಸಹಪಾಠಿಗಳಲ್ಲಿ ಒಂದೇ ಮಾತು: ಒಬ್ಬನು ಪಾಠವನ್ನು ಕೇಳಿ ಕಲಿಯುತ್ತಿದ್ದರೆ ನಗಬೇಡಿರಿ. ಮಾರ್ಚ್–ಏಪ್ರಿಲ್‌ಗಳಲ್ಲಿ ನಮ್ಮಲ್ಲಿ ಅನೇಕರು ಪದವೀಧರರಾಗಿ ಹೊರಡುವೆವು. ನನ್ನ ಗೆಳೆಯನೂ ಆ ಸಾಲಿನಲ್ಲಿ ಇರುವನೋ ಇಲ್ಲವೋ ಎಂಬುದು ಅವನ ಬುದ್ಧಿಯೊಂದನ್ನೇ ಅವಲಂಬಿಸಿಲ್ಲ. ನಾವು ಅವನಿಗೆ ಕೊಡುವ ಅವಕಾಶವನ್ನೂ ಅವಲಂಬಿಸಿದೆ.